ಸ್ಕ್ಯಾನಿಂಗ್ ಮಾಡಿಸುವ ಮುನ್ನ ಕೇಳಬೇಕಾದ ಪ್ರಶ್ನೆ

ನಮ್ಮ ಕೊಳ್ಳೇಗಾಲ, ಹನೂರು, ಯಳಂದೂರು ಸೀಮೆಯಲ್ಲಿ ಇಂದು ‘ಸ್ಕ್ಯಾನಿಂಗ್’ ಎಂಬ ಮಾತನ್ನು ಅರಿಯದ ಮನೆಯಿಲ್ಲ. ಅಕ್ಷರ ಕಲಿಯದ ಅಜ್ಜಿಯೂ ಆ ಪದವನ್ನು ಸರಾಗವಾಗಿ ಆಡುತ್ತಾಳೆ. ಬೆಳಗಿನ ಹೊತ್ತು ಮೈಸೂರಿಗೆ ಹೊರಟ ಬಸ್ಸಿನಲ್ಲಿ ನಾಲ್ಕಾರು ಮಂದಿಯ ತೊಡೆಯ ಮೇಲಾದರೂ ಆ ದೊಡ್ಡ ಕವರು ಇದ್ದೇ ಇರುತ್ತದೆ. ಆದರೆ ಕವರಿನೊಳಗೆ ಇರುವುದೇನು, ಅದನ್ನು ಏಕೆ ತೆಗೆಸಿದರು, ಅದರಿಂದ ತಿಳಿದುಬಂದದ್ದೇನು ಎಂದು ಕೇಳಿದರೆ ಬರುವ ಉತ್ತರ ಎರಡೇ ಬಗೆಯದು. ಒಂದು, “ಸ್ಕ್ಯಾನಿಂಗ್ ಮಾಡ್ಸುದ್ವಿ ಸಾ, ಏನೂ ಇಲ್ವಂತೆ.” ಇನ್ನೊಂದು, “ಏನೋ ಅದಂತೆ ಸಾ.” ‘ಏನೂ ಇಲ್ಲ’ ಮತ್ತು ‘ಏನೋ ಇದೆ’ ಎಂಬ ಈ ಎರಡು ಮಾತುಗಳ ನಡುವೆ ನಮ್ಮ ಜನರ ದುಡ್ಡು, ಕೂಲಿಯ ದಿನ, ರಾತ್ರಿಯ ನಿದ್ದೆ ಎಲ್ಲವೂ ಕಳೆದುಹೋಗುತ್ತಿವೆ.

ನಾನು ವೈದ್ಯನಲ್ಲ. ಪ್ರೌಢಶಾಲೆಯಲ್ಲಿ ಬೆಳಕು, ಶಬ್ದ, ಅಯಸ್ಕಾಂತ ಎಂಬ ಪಾಠಗಳನ್ನು ವರುಷ ವರುಷವೂ ಮಾಡಿ ನಿವೃತ್ತನಾದವನು. ಯಾವ ರೋಗಕ್ಕೆ ಯಾವ ಪರೀಕ್ಷೆ ಎಂದು ನಿರ್ಧರಿಸುವುದು ವೈದ್ಯರಿಗೆ ಬಿಟ್ಟ ವಿಷಯ. ಆದರೆ ಆ ಪರೀಕ್ಷೆ ಯಾವ ಪ್ರಶ್ನೆಗೆ ಉತ್ತರ ಹುಡುಕುತ್ತಿದೆ ಎಂದು ತಿಳಿಯುವುದು ರೋಗಿಯ ಹಕ್ಕು. ಅಷ್ಟೇ ಅಲ್ಲ, ಅವನ ಹೊಣೆಯೂ ಹೌದು. ಪ್ರಶ್ನೆಪತ್ರಿಕೆಯನ್ನು ನೋಡದೆ ಉತ್ತರಪತ್ರಿಕೆಯನ್ನು ತಿದ್ದಲು ಯಾವ ಮೇಷ್ಟರಿಂದಲೂ ಆಗದು. ನಮ್ಮ ಜನರಾದರೋ ಉತ್ತರಪತ್ರಿಕೆಯೊಂದನ್ನೇ ಕಂಕುಳಲ್ಲಿಟ್ಟುಕೊಂಡು ಊರೂರು ತಿರುಗುತ್ತಿದ್ದಾರೆ. ಪ್ರಶ್ನೆ ಗೊತ್ತಿಲ್ಲದವನಿಗೆ ಉತ್ತರದಿಂದ ಭಯ ಹುಟ್ಟುತ್ತದೆ, ಇಲ್ಲವೇ ಹುಸಿ ಧೈರ್ಯ ಬರುತ್ತದೆ. ಇದೇ ಈ ಬರಹದ ಒಟ್ಟು ಮಾತು. ಉಳಿದದ್ದೆಲ್ಲ ಇದರ ವಿವರಣೆ.

ಮೊದಲಿಗೆ, ನಾವು ಸ್ಕ್ಯಾನಿಂಗ್ ಎಂಬ ಒಂದೇ ಹೆಸರಿನಿಂದ ಕರೆಯುವ ಪರೀಕ್ಷೆಗಳು ಒಂದೇ ಅಲ್ಲ. ಎಕ್ಸ್‌ರೇಯನ್ನೂ ಸೇರಿಸಿಕೊಂಡರೆ ಮುಖ್ಯವಾಗಿ ನಾಲ್ಕು. ಅವುಗಳ ಗುಣಧರ್ಮಗಳು ಬೇರೆ, ಉಪಯೋಗ ಬೇರೆ, ಅಪಾಯವೂ ಬೇರೆ.

ಎಕ್ಸ್‌ರೇ ಎಂಬುದು ನೆರಳಿನ ಚಿತ್ರ. 1895ರ ನವೆಂಬರ್ 8ರಂದು ಜರ್ಮನಿಯ ವಿಲ್ಹೆಲ್ಮ್ ರಾಂಟ್‌ಜನ್ ಈ ಕಿರಣಗಳನ್ನು ಕಂಡುಹಿಡಿದರು; ಸ್ವರೂಪ ತಿಳಿಯದ ಕಾರಣ ಬೀಜಗಣಿತದ ಅವ್ಯಕ್ತ ಸಂಖ್ಯೆಯ ಹೆಸರನ್ನೇ ಇಟ್ಟರು. ನಮ್ಮ ಪಠ್ಯಪುಸ್ತಕಗಳಲ್ಲಿ ಅದು ‘ಕ್ಷ-ಕಿರಣ’ವಾಯಿತು. ಅದೇ ವರ್ಷದ ಡಿಸೆಂಬರಿನಲ್ಲಿ ಅವರು ತೆಗೆದ, ಹೆಂಡತಿಯ ಕೈಮೂಳೆಗಳೂ ಉಂಗುರವೂ ಕಾಣುವ ಚಿತ್ರ ಲೋಕಪ್ರಸಿದ್ಧ. ಮೂಳೆ ಕಿರಣಗಳನ್ನು ಹೆಚ್ಚು ತಡೆಯುತ್ತದೆ, ಆದ್ದರಿಂದ ಬೆಳ್ಳಗೆ ಕಾಣುತ್ತದೆ. ಗಾಳಿ ತುಂಬಿದ ಶ್ವಾಸಕೋಶ ತಡೆಯುವುದಿಲ್ಲ, ಆದ್ದರಿಂದ ಕಪ್ಪಗೆ ಕಾಣುತ್ತದೆ. ಮುರಿದ ಮೂಳೆ, ಎದೆಯ ಸೋಂಕು ಇವುಗಳಿಗೆ ಇಂದಿಗೂ ಮೊದಲು ಬರೆಯುವುದು ಇದನ್ನೇ. ಆದರೆ ನೆರಳಿಗೆ ಒಂದು ಮಿತಿಯುಂಟು. ದೇಹದ ಮುಂದಿನದೂ ಹಿಂದಿನದೂ ಒಂದರ ಮೇಲೊಂದು ಬಿದ್ದು ಬೆರೆತುಹೋಗುತ್ತವೆ.

ಈ ಮಿತಿಯನ್ನು ದಾಟಿದ್ದು ಸಿ.ಟಿ. ಇದರಲ್ಲಿಯೂ ಇರುವುದು ಅದೇ ಎಕ್ಸ್‌ರೇ ಕಿರಣ. ಕೊಳವೆ ದೇಹದ ಸುತ್ತಲೂ ಸುತ್ತುತ್ತದೆ. ನಾನಾ ಕೋನಗಳಿಂದ ಸಿಕ್ಕ ಲೆಕ್ಕವನ್ನು ಗಣಕಯಂತ್ರ ಕೂಡಿಸಿ, ಬ್ರೆಡ್ಡಿನ ಹೋಳುಗಳಂತೆ ದೇಹದ ಒಂದೊಂದು ಪದರವನ್ನೂ ಬಿಡಿಸಿ ತೋರಿಸುತ್ತದೆ. ಇಂಗ್ಲೆಂಡಿನ ಗಾಡ್‌ಫ್ರೆ ಹೌನ್ಸ್‌ಫೀಲ್ಡ್ ರೂಪಿಸಿದ ಯಂತ್ರದಲ್ಲಿ 1971ರಲ್ಲಿ ಮೊದಲ ಬಾರಿಗೆ ರೋಗಿಯೊಬ್ಬರ ಮಿದುಳಿನ ಚಿತ್ರ ತೆಗೆಯಲಾಯಿತು. 1979ರಲ್ಲಿ ಅವರಿಗೂ ಅಲನ್ ಕಾರ್ಮ್ಯಾಕ್ ಅವರಿಗೂ ನೊಬೆಲ್ ಬಂತು. ತಲೆಗೆ ಪೆಟ್ಟು ಬಿದ್ದಾಗ, ಪಾರ್ಶ್ವವಾಯು ಹೊಡೆದಾಗ ಸಿ.ಟಿ.ಯ ನಿಮಿಷಗಳೇ ಪ್ರಾಣ ಉಳಿಸುತ್ತವೆ. ಅಂಥ ಹೊತ್ತಿನಲ್ಲಿ ಪ್ರಶ್ನೆ ಕೇಳುತ್ತ ನಿಲ್ಲಬಾರದು.

ಅಲ್ಟ್ರಾಸೌಂಡ್‌ನಲ್ಲಿ ಕಿರಣವೇ ಇಲ್ಲ. ಅದು ಶ್ರವಣಾತೀತ ಧ್ವನಿ. ಭರಚುಕ್ಕಿಯ ಬಂಡೆಗಳ ಬಳಿ ನಿಂತು ಕೂಗಿದರೆ ಮರುದನಿ ಬರುವಂತೆ, ಹೊಟ್ಟೆಯ ಮೇಲಿಟ್ಟ ಉಪಕರಣದಿಂದ ಹೊರಟ ಧ್ವನಿ ಒಳಗಿನ ಅಂಗಗಳಿಗೆ ತಾಗಿ ಮರಳುತ್ತದೆ. ಆ ಮರುದನಿಯೇ ಚಿತ್ರವಾಗುತ್ತದೆ. 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಮತ್ತು ಸಂಗಡಿಗರು ಪ್ರಕಟಿಸಿದ ಲೇಖನದಿಂದ ಇದು ಹೆರಿಗೆ ವೈದ್ಯರ ಕೈಗೆ ಬಂತು. ಧ್ವನಿ ಗಾಳಿಯನ್ನು ದಾಟಲಾರದು. ಅದಕ್ಕೇ ಚರ್ಮದ ಮೇಲೆ ತಣ್ಣಗಿನ ಲೋಳೆ ಸವರುತ್ತಾರೆ. ಪಿತ್ತಕೋಶ ನೋಡಬೇಕಾದರೆ ಖಾಲಿ ಹೊಟ್ಟೆಯಲ್ಲಿ ಬನ್ನಿ ಎನ್ನುತ್ತಾರೆ, ಏಕೆಂದರೆ ಊಟ ಮಾಡಿದ ಕೂಡಲೇ ಪಿತ್ತಕೋಶ ಕುಗ್ಗುತ್ತದೆ, ಕರುಳಿನ ಗಾಳಿಯೂ ಅಡ್ಡ ಬರುತ್ತದೆ. ಕೆಳಹೊಟ್ಟೆಯ ಪರೀಕ್ಷೆಗೆ ನೀರು ಕುಡಿದು ಮೂತ್ರ ತಡೆದು ಬರಲು ಹೇಳುವುದೂ ಇದೇ ತತ್ವದಿಂದ: ತುಂಬಿದ ಮೂತ್ರಕೋಶ ಧ್ವನಿಗೆ ಕಿಟಕಿಯಂತೆ ದಾರಿ ಬಿಡುತ್ತದೆ.

ನಾಲ್ಕನೆಯದು ಎಂ.ಆರ್.ಐ. ಇದರಲ್ಲಿಯೂ ಎಕ್ಸ್‌ರೇ ಇಲ್ಲ. ಬಲವಾದ ಕಾಂತಕ್ಷೇತ್ರ ಮತ್ತು ರೇಡಿಯೋ ತರಂಗಗಳಿಂದ, ದೇಹದ ನೀರಿನಲ್ಲಿರುವ ಹೈಡ್ರೋಜನ್ ಪರಮಾಣುಗಳ ಸಂಕೇತವನ್ನು ಹಿಡಿದು ಚಿತ್ರ ಬಿಡಿಸುತ್ತಾರೆ. ಮಿದುಳು, ಬೆನ್ನುಹುರಿ, ಕೀಲುಗಳ ಮೃದು ಭಾಗಗಳು ಇದರಲ್ಲಿ ಚೆನ್ನಾಗಿ ಕಾಣುತ್ತವೆ. 2003ರಲ್ಲಿ ಪಾಲ್ ಲಾಟರ್ಬರ್ ಮತ್ತು ಪೀಟರ್ ಮ್ಯಾನ್ಸ್‌ಫೀಲ್ಡ್ ಇದಕ್ಕಾಗಿ ನೊಬೆಲ್ ಪಡೆದರು. ಸಾಮಾನ್ಯವಾಗಿ ಬಳಕೆಯಲ್ಲಿರುವ 1.5 ಟೆಸ್ಲಾ ಯಂತ್ರದ ಕಾಂತಕ್ಷೇತ್ರ ಭೂಮಿಯ ಕಾಂತಕ್ಷೇತ್ರಕ್ಕಿಂತ ಸುಮಾರು 30,000 ಪಟ್ಟು ಹೆಚ್ಚು. ಚಿತ್ರ ತೆಗೆಯದೆ ಇರುವಾಗಲೂ ಆ ಅಯಸ್ಕಾಂತ ಎಚ್ಚರವಾಗಿಯೇ ಇರುತ್ತದೆ. 2018ರ ಜನವರಿಯಲ್ಲಿ ಮುಂಬಯಿಯ ಆಸ್ಪತ್ರೆಯೊಂದರಲ್ಲಿ ಆಮ್ಲಜನಕದ ಸಿಲಿಂಡರು ಹಿಡಿದು ಆ ಕೋಣೆಯೊಳಗೆ ಹೋದ ರೋಗಿಯ ಸಂಬಂಧಿಕನೊಬ್ಬ ಯಂತ್ರದತ್ತ ಸೆಳೆಯಲ್ಪಟ್ಟು ಪ್ರಾಣ ಕಳೆದುಕೊಂಡ. ಆದ್ದರಿಂದ ಹೃದಯದ ಪೇಸ್‌ಮೇಕರ್, ಮಿದುಳಿನ ಕ್ಲಿಪ್ಪು, ಕಿವಿಯೊಳಗಿನ ಯಂತ್ರ, ಹಿಂದೆ ಹಾಕಿಸಿಕೊಂಡ ರಾಡು ಇವುಗಳ ವಿಷಯವನ್ನು ಮೊದಲೇ ತಿಳಿಸಬೇಕು. ಹೆಂಗಸರು ಕಾಲುಂಗುರ, ಗಂಡಸರು ಬೆಳ್ಳಿಯ ಉಡಿದಾರ ತೆಗೆದಿಡಬೇಕು. ತಾಳಿ ತೆಗೆಯಲು ಹಿಂಜರಿದು ಅತ್ತವರನ್ನು ಬಲ್ಲೆ. ಅಂಥವರು ಆ ಅರ್ಧ ಗಂಟೆಗೆ ಅರಿಸಿನದ ಕೊಂಬನ್ನು ದಾರಕ್ಕೆ ಕಟ್ಟಿಕೊಂಡರೆ ಮನಸ್ಸಿಗೂ ಸಮಾಧಾನ, ಯಂತ್ರಕ್ಕೂ ತೊಂದರೆಯಿಲ್ಲ.

ಈ ವ್ಯತ್ಯಾಸ ತಿಳಿಯದಿದ್ದರೆ ಏನಾಗುತ್ತದೆ? ಒಂದು ಕಡೆ ಇಲ್ಲದ ಭಯ, ಇನ್ನೊಂದು ಕಡೆ ಅತಿಯಾದ ಉದಾಸೀನ. ಬಸುರಿಗೆ ಅಲ್ಟ್ರಾಸೌಂಡ್ ಬರೆದರೆ “ಮಗುವಿಗೆ ಕಿರಣ ತಾಗೀತು” ಎಂದು ಹೆದರುವ ಅತ್ತೆಯಂದಿರಿದ್ದಾರೆ, ಅದರಲ್ಲಿ ಕಿರಣವಿಲ್ಲ. ಅದೇ ಮನೆಯ ಗಂಡಸರು ತಲೆನೋವು ಬಂದರೆ ತಾವಾಗಿಯೇ ಹೋಗಿ “ಒಂದು ಸಿ.ಟಿ. ತೆಗೆದುಬಿಡಿ” ಎನ್ನುತ್ತಾರೆ, ಅದರಲ್ಲಿ ಕಿರಣವಿದೆ.

2021ರ ಏಪ್ರಿಲ್, ಮೇ ತಿಂಗಳುಗಳನ್ನು ನೆನೆಯಿರಿ. ಕೊರೋನಾದ ಎರಡನೆಯ ಅಲೆ. ಎದೆಯ ಸಿ.ಟಿ.ಯಲ್ಲಿ ‘ಇಪ್ಪತ್ತೈದಕ್ಕೆ ಎಷ್ಟು’ ಎಂಬುದೇ ಅಂದು ಮನೆಮನೆಯ ಮಾತಾಗಿತ್ತು. ಶ್ವಾಸಕೋಶದ ಐದು ಹಾಲೆಗಳಿಗೆ ತಲಾ ಐದು ಅಂಕ, ಒಟ್ಟು 25. ಪರೀಕ್ಷೆಯ ಅಂಕಗಳಂತೆ ಜನ ಅದನ್ನು ಹೋಲಿಸಿ ನೋಡುತ್ತಿದ್ದರು. ಆಗ ದೆಹಲಿಯ ಏಮ್ಸ್ ನಿರ್ದೇಶಕರಾಗಿದ್ದ ಡಾ. ರಣದೀಪ್ ಗುಲೇರಿಯಾ ಅವರು, ಲಕ್ಷಣಗಳು ಸೌಮ್ಯವಾಗಿದ್ದವರಿಗೆ ಸಿ.ಟಿ. ಬೇಡ, ಒಂದು ಸಿ.ಟಿ. ಎಂದರೆ 300ರಿಂದ 400 ಎದೆಯ ಎಕ್ಸ್‌ರೇಗಳಿಗೆ ಸಮ ಎಂದರು. ವಿಕಿರಣತಜ್ಞರ ರಾಷ್ಟ್ರೀಯ ಸಂಘ ಅದನ್ನು ಒಪ್ಪದೆ, ಈಗಿನ ಯಂತ್ರಗಳಲ್ಲಿ ಅದು ಐದು-ಹತ್ತು ಎಕ್ಸ್‌ರೇಗಳಷ್ಟು ಮಾತ್ರ ಎಂದಿತು. ದೊಡ್ಡವರೇ ಹೀಗೆ ಬೇರೆ ಬೇರೆ ಹೇಳಿದರೆ ನಮ್ಮಂಥವರು ಯಾರನ್ನು ನಂಬುವುದು ಎಂದು ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಅಂದು ಫೋನಿನಲ್ಲಿ ಕೇಳಿದ್ದ.

ಲೆಕ್ಕ ಮಾಡಿ ನೋಡಿದರೆ ಒಗಟು ಬಿಡುತ್ತದೆ. ವಿಕಿರಣದ ಪ್ರಮಾಣವನ್ನು ಮಿಲಿಸೀವರ್ಟ್ ಎಂಬ ಮಾನದಲ್ಲಿ ಅಳೆಯುತ್ತಾರೆ. ಎದೆಯ ಒಂದು ಎಕ್ಸ್‌ರೇಗೆ ಕೆಲವು ಕೋಷ್ಟಕಗಳು 0.02 ಎನ್ನುತ್ತವೆ, ಕೆಲವು 0.1 ಎನ್ನುತ್ತವೆ. ಎದೆಯ ಸಾಮಾನ್ಯ ಸಿ.ಟಿ.ಗೆ 6–7, ಕಡಿಮೆ ಪ್ರಮಾಣದಲ್ಲಿ ತೆಗೆದರೆ 1ರಿಂದ 1.5. ಏಳನ್ನು 0.02ರಿಂದ ಭಾಗಿಸಿದರೆ 350. ಒಂದನ್ನು 0.1ರಿಂದ ಭಾಗಿಸಿದರೆ 10. ಎರಡು ಹೇಳಿಕೆಗಳೂ ಸುಳ್ಳಲ್ಲ. ಭಾಜ್ಯವೂ ಭಾಜಕವೂ ಬೇರೆ ಬೇರೆ. ಇನ್ನು, ಮಣ್ಣು, ಗಾಳಿ, ಆಕಾಶಗಳಿಂದ ಜಗತ್ತಿನ ಒಬ್ಬೊಬ್ಬನಿಗೂ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ವಿಕಿರಣ ತಾನಾಗಿಯೇ ತಾಗುತ್ತಿರುತ್ತದೆ. ಹೀಗಿರುವಾಗ ಕೈಮುರಿದ ಮಗುವಿಗೆ ಎಕ್ಸ್‌ರೇ ಬೇಡವೆಂದು ಹೆದರುವುದರಲ್ಲಿ ಅರ್ಥವಿಲ್ಲ. ಬೇಕಾದ ಸಿ.ಟಿ.ಗೂ ಹೆದರಬೇಕಿಲ್ಲ. ಬೇಡದ ಸಿ.ಟಿ.ಯನ್ನು, ಅದರಲ್ಲೂ ಮಕ್ಕಳಿಗೆ, ಮತ್ತೆ ಮತ್ತೆ ತೆಗೆಸುವುದಷ್ಟೇ ತಪ್ಪು. ಬಸುರಿಯಾಗಿದ್ದರೆ, ಆಗಿರಬಹುದೆಂಬ ಅನುಮಾನವಿದ್ದರೂ, ಎಕ್ಸ್‌ರೇಗೂ ಸಿ.ಟಿ.ಗೂ ಮುನ್ನ ನಾಚದೆ ಹೇಳಬೇಕು.

ಎರಡನೆಯ ಮಾತು. ಚಿತ್ರದಲ್ಲಿ ಕಂಡದ್ದೆಲ್ಲ ರೋಗವಲ್ಲ.

ಬೆನ್ನುನೋವಿನ ಉದಾಹರಣೆಯನ್ನೇ ತೆಗೆದುಕೊಳ್ಳಿ. ರೇಷ್ಮೆ ಮನೆಯಲ್ಲಿ ಬಗ್ಗಿ ಸೊಪ್ಪು ಹಾಕುವವರು, ಕಬ್ಬು ಕಡಿಯುವವರು, ಮಗ್ಗದ ಗುಣಿಯಲ್ಲಿ ಕುಳಿತು ಬೆನ್ನು ಬಾಗಿದವರು ನಮ್ಮಲ್ಲಿ ಎಷ್ಟು ಮಂದಿ! ನೋವು ತಡೆಯಲಾರದೆ ಎಂ.ಆರ್.ಐ. ತೆಗೆಸುತ್ತಾರೆ. ವರದಿಯಲ್ಲಿ ‘ಡಿಸ್ಕ್ ಬಲ್ಜ್’ ಎಂದೋ ‘ಡಿಜೆನರೇಶನ್’ ಎಂದೋ ಇರುತ್ತದೆ. ಅಂದಿನಿಂದ ಆ ಮನುಷ್ಯ ತನ್ನ ಬೆನ್ನುಮೂಳೆ ಸವೆದುಹೋಯಿತೆಂದು ನಂಬಿ, ಬಿಂದಿಗೆ ಎತ್ತಲೂ ಹೆದರುತ್ತಾನೆ. ಆದರೆ 2015ರಲ್ಲಿ ಪ್ರಕಟವಾದ, ಹಲವು ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವಿಮರ್ಶೆಯ ಪ್ರಕಾರ, ಬೆನ್ನುನೋವು ಏನೂ ಇಲ್ಲದವರಲ್ಲಿಯೇ 20ರ ವಯಸ್ಸಿನವರಲ್ಲಿ ಶೇ. 30, 80ರ ವಯಸ್ಸಿನವರಲ್ಲಿ ಶೇ. 84 ಮಂದಿಗೆ ಈ ಡಿಸ್ಕ್ ಬಲ್ಜ್ ಕಾಣಿಸುತ್ತದೆ. ಅಂದರೆ ಅದು ಬಹುಪಾಲು ತಲೆಗೂದಲು ನರೆತಂತೆ, ಮುಖ ಸುಕ್ಕಾದಂತೆ. ನರೆತ ಕೂದಲನ್ನು ಯಾರೂ ರೋಗವೆನ್ನುವುದಿಲ್ಲ. ಆದ್ದರಿಂದಲೇ ಸಾಮಾನ್ಯ ಬೆನ್ನುನೋವಿಗೆ ಮೊದಲ ಆರು ವಾರ ಚಿತ್ರಪರೀಕ್ಷೆ ಬೇಕಿಲ್ಲವೆಂದು ವೈದ್ಯಕೀಯ ಮಾರ್ಗಸೂಚಿಗಳು ಹೇಳುತ್ತವೆ. ಆದರೆ ಕಾಲಿನ ಶಕ್ತಿ ಕುಂದಿದರೆ, ಮಲಮೂತ್ರದ ಹತೋಟಿ ತಪ್ಪಿದರೆ, ಜ್ವರವಿದ್ದರೆ, ತೂಕ ಇಳಿಯುತ್ತಿದ್ದರೆ, ಬಿದ್ದು ಪೆಟ್ಟಾಗಿದ್ದರೆ, ಹಿಂದೆ ಕ್ಯಾನ್ಸರ್ ಇದ್ದಿದ್ದರೆ ಒಂದು ದಿನವೂ ಕಾಯಬಾರದು.

‘ಅಂಗೈ ಹುಣ್ಣಿಗೆ ಕನ್ನಡಿ ಬೇಕೆ’ ಎಂಬ ಗಾದೆ ನಮ್ಮಲ್ಲೇ ಇದೆಯಲ್ಲ. ಯಳಂದೂರು ತಾಲ್ಲೂಕು ಒಂದು ಕಾಲಕ್ಕೆ ಕುಷ್ಠರೋಗದಿಂದ ನಲುಗಿತ್ತು. ಬಿಳಿಗಿರಿರಂಗನ ಬೆಟ್ಟದಲ್ಲಿ ಸೋಲಿಗರ ನಡುವೆ 1981ರಲ್ಲಿ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರವನ್ನು ಕಟ್ಟಿದ ಡಾ. ಎಚ್. ಸುದರ್ಶನ್ ಅವರು 1986ರಲ್ಲಿ ಕರುಣಾ ಟ್ರಸ್ಟ್ ಆರಂಭಿಸಿದ್ದೇ ಆ ರೋಗವನ್ನು ಎದುರಿಸಲು. ಮೈಮೇಲಿನ ಮಚ್ಚೆಯಲ್ಲಿ ಸ್ಪರ್ಶಜ್ಞಾನ ಉಳಿದಿದೆಯೇ ಎಂದು ಹತ್ತಿಯ ಎಳೆಯಿಂದ ಮುಟ್ಟಿ ನೋಡುವುದು, ನರವನ್ನು ಬೆರಳಿನಿಂದ ತಡವಿ ನೋಡುವುದು, ಕುಷ್ಠವನ್ನು ಗುರುತಿಸುವ ಮೊದಲ ವಿದ್ಯೆ ಇದು. ಅದಕ್ಕೆ ಯಾವ ಸ್ಕ್ಯಾನಿಂಗೂ ಬೇಕಿರಲಿಲ್ಲ. ವೈದ್ಯರು ಮುಟ್ಟಿ ನೋಡಿ, ಮಾತಾಡಿಸಿ, ಸ್ಕ್ಯಾನಿಂಗ್ ಬರೆಯದೆ ಕಳಿಸಿದರೆ “ಸರಿಯಾಗಿ ನೋಡಲಿಲ್ಲ” ಎಂದು ದೂರುವ ನಮ್ಮ ಅಭ್ಯಾಸ ಹೋಗಬೇಕು. ಬೇಡದ ಪರೀಕ್ಷೆಗಳು ಹೆಚ್ಚಿರುವುದಕ್ಕೆ ಆಸ್ಪತ್ರೆಗಳಷ್ಟೇ ಕಾರಣರಲ್ಲ. ಕೇಳಿ ಬರೆಸಿಕೊಳ್ಳುವ ನಾವೂ ಪಾಲುದಾರರು.

ಮೂರನೆಯ ಮಾತು ಇದರ ಮತ್ತೊಂದು ಮುಖ. ಚಿತ್ರದಲ್ಲಿ ಕಾಣಲಿಲ್ಲವೆಂದರೆ ರೋಗವಿಲ್ಲ ಎಂದೂ ಅರ್ಥವಲ್ಲ. ಮುಂಗೈಯ ಕೆಲವು ಸಣ್ಣ ಬಿರುಕುಗಳು ಮೊದಲ ದಿನದ ಎಕ್ಸ್‌ರೇಯಲ್ಲಿ ಕಾಣದೆ ಹತ್ತು-ಹದಿನಾಲ್ಕು ದಿನಗಳ ಮೇಲೆ ಕಾಣಿಸಿಕೊಳ್ಳುತ್ತವೆ. ಪಾರ್ಶ್ವವಾಯುವಿನ ಮೊದಲ ಗಂಟೆಗಳಲ್ಲಿ ಸಿ.ಟಿ. ಸರಿಯಾಗಿಯೇ ಇರಬಹುದು; ಆಗ ವೈದ್ಯರು ನೋಡುತ್ತಿರುವುದು ರಕ್ತಸ್ರಾವ ಇದೆಯೇ ಇಲ್ಲವೇ ಎಂಬುದನ್ನು. ಪ್ರಶ್ನೆ ತಿಳಿದವನಿಗೆ ಮಾತ್ರ ‘ಏನೂ ಇಲ್ಲ’ ಎಂಬ ಉತ್ತರದ ಅರ್ಥ ತಿಳಿಯುತ್ತದೆ: “ನಾವು ಹುಡುಕಿದ್ದು ಇಲ್ಲ” ಎಂದಷ್ಟೇ ಅದರ ಅರ್ಥ.

ಕ್ಷಯದ ಕಥೆಯಲ್ಲಿ ಈ ಎರಡೂ ಪಾಠಗಳು ಒಟ್ಟಿಗೆ ಸಿಗುತ್ತವೆ, ಅದೂ ನಮ್ಮ ನಾಡಿನಲ್ಲಿಯೇ. ಬೆಂಗಳೂರಿನಲ್ಲಿ 1959ರಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಊರೂರಿಗೆ ಎಕ್ಸ್‌ರೇ ವಾಹನ ಕೊಂಡೊಯ್ದು ರೋಗಿಗಳನ್ನು ಹುಡುಕಬೇಕೇ ಎಂಬುದು ಅಂದಿನ ದೊಡ್ಡ ಪ್ರಶ್ನೆ. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಎಸ್. ಆಂಡರ್ಸನ್ ತುಮಕೂರು ಜಿಲ್ಲೆಯಲ್ಲಿ ನಡೆಸಿ 1963ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಕ್ಷಯವಿದ್ದ ಹಳ್ಳಿಗರಲ್ಲಿ ಬಹುಪಾಲು ಮಂದಿಗೆ ತಮ್ಮ ಕೆಮ್ಮು, ಜ್ವರಗಳ ಅರಿವಿತ್ತು, ಅರ್ಧಕ್ಕೂ ಹೆಚ್ಚು ಮಂದಿ ತಾವಾಗಿಯೇ ಚಿಕಿತ್ಸೆ ಹುಡುಕಿಕೊಂಡು ಹೋಗಿದ್ದರು ಎಂದು ತಿಳಿದುಬಂತು. ಅಂದರೆ ರೋಗಿ ಆಸ್ಪತ್ರೆಯ ಬಾಗಿಲಿಗೆ ಬಂದಿದ್ದ; ಅವನ ಕೆಮ್ಮನ್ನು ಕಿವಿಗೊಟ್ಟು ಕೇಳಿ ಕಫ ಪರೀಕ್ಷಿಸಬೇಕಿತ್ತು. ದೇಶದ ಕ್ಷಯ ಕಾರ್ಯಕ್ರಮ ಕಫ ಪರೀಕ್ಷೆಯತ್ತ ವಾಲಲು ಬೆಂಗಳೂರಿನ ಆ ಕೆಲಸ ಮುಖ್ಯ ಆಧಾರವಾಯಿತು. ಎಕ್ಸ್‌ರೇಯಲ್ಲಿ ಕಾಣುವುದು ನೆರಳು. ಹಳೆಯ ಗಾಯದ ಕಲೆಯೂ ಹಾಗೆಯೇ ಕಾಣಬಹುದು. ಕಫದಲ್ಲಿ ಸಿಗುವುದು ರೋಗಾಣು.

ಹಾಗೆಂದು ಎಕ್ಸ್‌ರೇ ಬೇಡವೆಂದರೆ ಅದೂ ತಪ್ಪಾಗುತ್ತದೆ. 2019–21ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ಖಚಿತಗೊಂಡ ಕ್ಷಯರೋಗಿಗಳಲ್ಲಿ ಶೇ. 42.6 ಮಂದಿಗೆ ಲಕ್ಷಣಗಳೇ ಇರಲಿಲ್ಲ. ಎದೆಯ ಎಕ್ಸ್‌ರೇ ತೆಗೆಯದಿದ್ದರೆ ಅವರು ತಪ್ಪಿಹೋಗುತ್ತಿದ್ದರು. ಆದ್ದರಿಂದ 2024ರ ಡಿಸೆಂಬರಿನಲ್ಲಿ ಆರಂಭವಾದ 100 ದಿನಗಳ ಕ್ಷಯ ಅಭಿಯಾನದಲ್ಲಿ ಕೈಯಲ್ಲಿ ಹಿಡಿಯುವ ಎಕ್ಸ್‌ರೇ ಯಂತ್ರಗಳನ್ನೂ ಬಳಸಿದರು. ಯಾರ ಕಫ ಪರೀಕ್ಷಿಸಬೇಕು ಎಂಬ ಪ್ರಶ್ನೆಗೆ ಎಕ್ಸ್‌ರೇ ಉತ್ತರ ಹೇಳುತ್ತದೆ; ಅದು ಕ್ಷಯವೇ ಎಂಬ ಪ್ರಶ್ನೆಗೆ ಕಫ ಉತ್ತರ ಹೇಳುತ್ತದೆ. ಎರಡು ಪ್ರಶ್ನೆ, ಎರಡು ಉತ್ತರ. ಎಕ್ಸ್‌ರೇಯಲ್ಲಿ ಏನೂ ಇಲ್ಲವೆಂದು ಕೆಮ್ಮನ್ನು ಮರೆತವರೂ ಇದ್ದಾರೆ, ಎಕ್ಸ್‌ರೇಯಲ್ಲಿ ಕಲೆ ಕಂಡಿತೆಂದು ಹುಡುಗಿಯ ಮದುವೆಯನ್ನೇ ಮುರಿದವರೂ ಇದ್ದಾರೆ. ಎರಡಕ್ಕೂ ಕಾರಣ ಒಂದೇ ಅಜ್ಞಾನ.

ನಮ್ಮ ಭಾಗದಲ್ಲಿ ಈ ಅಜ್ಞಾನದ ಬೆಲೆ ಪೇಟೆಯವರಿಗಿಂತ ಹೆಚ್ಚು. ಕೊಳ್ಳೇಗಾಲದಿಂದ ಮೈಸೂರು 60–65 ಕಿ.ಮೀ. ದೂರ. ಜಿಲ್ಲಾಕೇಂದ್ರದಲ್ಲಿ 2016ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿ, 2021ರ ಅಕ್ಟೋಬರ್ 7ರಂದು ಅಂದಿನ ರಾಷ್ಟ್ರಪತಿ ರಾಮನಾಥ ಕೋವಿಂದ್ ಅವರು ಅದರ ಬೋಧನಾ ಆಸ್ಪತ್ರೆಯನ್ನು ಉದ್ಘಾಟಿಸಿದ ಮೇಲೆ ದಾರಿ ಸ್ವಲ್ಪ ಹತ್ತಿರವಾಗಿದೆ. ಆದರೂ ಮಹದೇಶ್ವರ ಬೆಟ್ಟದ ಆಚೆಯ ಗೋಪಿನಾಥದವನಿಗೆ, ಕಾಡಿನ ಪೋಡಿನಿಂದ ನಡೆದು ಬಂದು ಬಸ್ಸು ಹತ್ತುವ ಸೋಲಿಗನಿಗೆ, ಅದು ಇಡೀ ಒಂದು ದಿನದ ಯಾತ್ರೆಯೇ. ಅಂಥವನು ಬೆಳಿಗ್ಗೆ ಎದ್ದು, ದೂರದ ಪ್ರಯಾಣವೆಂದು ಹೊಟ್ಟೆ ತುಂಬ ಮುದ್ದೆ ಉಂಡು ಹೊರಟು, ಹನ್ನೊಂದು ಗಂಟೆಗೆ ಸ್ಕ್ಯಾನಿಂಗ್ ಕೋಣೆ ತಲುಪಿದಾಗ “ಊಟ ಮಾಡಿದ್ದೀಯಾ? ನಾಳೆ ಬಾ” ಎಂದರೆ? ಒಂದು ದಿನದ ಕೂಲಿ, ಎರಡು ಕಡೆಯ ಬಸ್ ಚಾರ್ಜು, ಜೊತೆಗೆ ಬಂದ ಮಗನ ಕೂಲಿ ಎಲ್ಲವೂ ನೀರಲ್ಲಿ ಹೋಮ. ಚೀಟಿ ಬರೆಯುವಾಗಲೇ “ಆರು ಗಂಟೆ ಮೊದಲಿನಿಂದ ಏನೂ ತಿನ್ನಬೇಡ” ಎಂಬ ಒಂದು ಸಾಲನ್ನು ಕನ್ನಡದಲ್ಲಿ ಬರೆದುಕೊಟ್ಟಿದ್ದರೆ ಇದು ತಪ್ಪುತ್ತಿತ್ತು. ಸಿ.ಟಿ.ಗೆ ಬಣ್ಣದ ಔಷಧಿ ಚುಚ್ಚುವುದಿದ್ದರೆ ಮೂತ್ರಪಿಂಡದ ರಕ್ತಪರೀಕ್ಷೆ ಬೇಕಾಗುತ್ತದೆ, ಹಿಂದೆ ಅಂಥ ಔಷಧಿಗೆ ಮೈಯೆಲ್ಲ ದದ್ದು ಎದ್ದಿದ್ದರೆ ಹೇಳಬೇಕಾಗುತ್ತದೆ, ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ನುಂಗುವವರು ಅದನ್ನೂ ತಿಳಿಸಬೇಕಾಗುತ್ತದೆ. ಇದನ್ನೆಲ್ಲ ಹೊರಡುವ ಮುನ್ನವೇ ಹೇಳಿದರೆ ಒಂದೇ ಓಡಾಟದಲ್ಲಿ ಕೆಲಸ ಮುಗಿಯುತ್ತದೆ.

ಹೀಗೆ ನನ್ನ ಬೇಡಿಕೆ ವರದಿಯ ಭಾಷೆಗೆ ಬಂದು ನಿಲ್ಲುತ್ತದೆ. ಚಿತ್ರಪರೀಕ್ಷೆಯ ಪ್ರತಿ ವರದಿಯ ಕೊನೆಗೂ ರೋಗಿಗಾಗಿ ಕನ್ನಡದಲ್ಲಿ ಮೂರು ಸಾಲು ಇರಬೇಕು: ಏನನ್ನು ಹುಡುಕಿದೆವು, ಏನು ಕಂಡಿತು, ಇದನ್ನು ಹಿಡಿದು ಮುಂದೆ ಯಾರನ್ನು ಎಷ್ಟು ದಿನದೊಳಗೆ ಕಾಣಬೇಕು. ಇದಕ್ಕೆ ಬರುವ ಆಕ್ಷೇಪಗಳನ್ನು ನಾನು ಬಲ್ಲೆ. ವರದಿ ಬರೆಯುವ ತಜ್ಞರ ಮುಂದೆ ದಿನಕ್ಕೆ ರಾಶಿ ರಾಶಿ ಚಿತ್ರಗಳಿರುತ್ತವೆ, ಬಿಡುವಿಲ್ಲ. ವರದಿ ಒಬ್ಬ ವೈದ್ಯ ಇನ್ನೊಬ್ಬ ವೈದ್ಯನಿಗೆ ಬರೆದ ಪತ್ರ, ರೋಗಿಗೆ ಬರೆದದ್ದಲ್ಲ. ಸರಳ ಮಾಡಲು ಹೋದರೆ ಅರ್ಥ ಕೆಟ್ಟು, ನಾಳೆ ಕೋರ್ಟು ಕಚೇರಿ ಎಂದು ಅಲೆಯಬೇಕಾದೀತು. ಇವು ಸುಳ್ಳು ಆಕ್ಷೇಪಗಳಲ್ಲ. ವರದಿಯ ಕೊನೆಯಲ್ಲಿ ‘ಕ್ಲಿನಿಕಲ್ ಕೋರಿಲೇಶನ್’ ಎಂದು ಬರೆದಿರುವುದನ್ನು ನೋಡಿರುತ್ತೀರಿ. ‘ರೋಗಿಯನ್ನು ಪರೀಕ್ಷಿಸಿದ ವೈದ್ಯರು ಇದನ್ನು ಅವನ ಲಕ್ಷಣಗಳೊಂದಿಗೆ ಹೊಂದಿಸಿ ನೋಡಲಿ’ ಎಂಬ ಪ್ರಾಮಾಣಿಕ ಮಾತು ಅದು. ಚಿತ್ರ ನೋಡಿದವರು ರೋಗಿಯನ್ನು ನೋಡಿಲ್ಲ. ಹಾಗಾದರೆ ಆ ಮೂರು ಸಾಲನ್ನು ಚೀಟಿ ಬರೆದ ವೈದ್ಯರೋ, ಅವರ ಬಳಿಯಿರುವ ನರ್ಸಮ್ಮನೋ ಬರೆಯಲಿ. ಯಾರೂ ಬರೆಯದೆ ಇರುವುದಕ್ಕಿಂತ ಅದು ಮೇಲು. ವರದಿ ವೈದ್ಯರಿಗೆ ಬರೆದ ಪತ್ರವೇ ಇರಬಹುದು, ಆದರೆ ದುಡ್ಡು ಕೊಟ್ಟು ಅದನ್ನು ಹೊತ್ತು ತರುವವನು, ಅದರ ಭಯವನ್ನು ರಾತ್ರಿಯೆಲ್ಲ ಹಾಸಿಗೆಯಲ್ಲಿಟ್ಟುಕೊಂಡು ಮಲಗುವವನು ರೋಗಿ.

ಕನ್ನಡದಲ್ಲಿ ಆಗದು ಎನ್ನುವವರು ಸ್ಕ್ಯಾನಿಂಗ್ ಕೇಂದ್ರದ ಗೋಡೆಯನ್ನೇ ನೋಡಬಹುದು. ‘ಇಲ್ಲಿ ಭ್ರೂಣಲಿಂಗ ಪತ್ತೆ ಮಾಡುವುದಿಲ್ಲ, ಅದು ಶಿಕ್ಷಾರ್ಹ ಅಪರಾಧ’ ಎಂಬ ಫಲಕ ಕನ್ನಡದಲ್ಲಿಯೇ ಇದೆ. 1994ರ ಕಾಯಿದೆ ಮತ್ತು ಅದರ ನಿಯಮಗಳು ಜನರ ಭಾಷೆಯಲ್ಲಿ ಫಲಕ ಹಾಕಲೇಬೇಕೆಂದು ವಿಧಿಸಿದ್ದರಿಂದ ಅದು ಬಂತು. ಕಾನೂನು ಕೇಳಿದಾಗ ಕನ್ನಡ ಸಾಧ್ಯವಾಯಿತು. ರೋಗಿ ಕೇಳಿದರೆ ಏಕೆ ಆಗದು? ಈ ಫಲಕದ ಮಾತು ಬಂದದ್ದರಿಂದ ಇನ್ನೊಂದು ಸಂಗತಿಯನ್ನೂ ಹೇಳಬೇಕು. 2023ರ ನವೆಂಬರಿನಲ್ಲಿ, ನೆರೆಯ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಅಲ್ಟ್ರಾಸೌಂಡ್ ಯಂತ್ರವಿಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಬಯಲಿಗೆ ಬಂತು. ಬೆಲ್ಲ ಬೇಯುವ ಮನೆಯಲ್ಲಿ ಹೆಣ್ಣುಕೂಸುಗಳ ಲೆಕ್ಕ ತೆಗೆಯುತ್ತಿದ್ದರು. ಯಂತ್ರ ತಪ್ಪು ಮಾಡಲಿಲ್ಲ. ಅದಕ್ಕೆ ಕೇಳಬಾರದ ಪ್ರಶ್ನೆಯನ್ನು ಮನುಷ್ಯರು ಕೇಳಿದರು. ಸರಿಯಾದ ಪ್ರಶ್ನೆ ಕೇಳಲು ಕಲಿಯುವುದೆಂದರೆ ಕೇಳಬಾರದ್ದನ್ನು ಕೇಳದಿರುವುದೂ ಹೌದು.

ಇನ್ನು ಹಳೆಯ ಫಿಲ್ಮುಗಳನ್ನು ಎಸೆಯಬೇಡಿ. ಎರಡು ವರ್ಷದ ಹಿಂದಿನ ಚಿತ್ರದಲ್ಲಿಯೂ ಅದೇ ಕಲೆ ಅಷ್ಟೇ ಗಾತ್ರದಲ್ಲಿ ಇತ್ತೆಂದು ತಿಳಿದರೆ, ಎಷ್ಟೋ ವೇಳೆ ಹೊಸ ಪರೀಕ್ಷೆಯೂ ಬೇಡ, ಹೊಸ ಭಯವೂ ಬೇಡ. ಫಿಲ್ಮು, ಸಿ.ಡಿ., ವರದಿ, ಚೀಟಿ ನಾಲ್ಕನ್ನೂ ಒಂದೇ ಕವರಿನಲ್ಲಿ ತಾರೀಖು ಬರೆದು ಇಡಿ. ಒಲೆಯ ಬಳಿ, ಸೂರಿನ ಸಂದಿಯಲ್ಲಿ ಸಿಕ್ಕಿಸಬೇಡಿ. ಬಿಸಿಗೂ ತೇವಕ್ಕೂ ಅದು ಕೆಡುತ್ತದೆ. ವರದಿಯ ಫೋಟೋವನ್ನು ಮನೆಯ ಯಾವುದಾದರೂ ಹುಡುಗನ ಮೊಬೈಲಿನಲ್ಲಿ ತೆಗೆಸಿಡಿ. ಇನ್ನೊಂದು ಆಸ್ಪತ್ರೆಗೆ ಹೋದಾಗ ಹಳೆಯದನ್ನು ಮೊದಲು ಮೇಜಿನ ಮೇಲಿಟ್ಟು, “ಇದು ಸಾಲದೆ, ಹೊಸದು ಏಕೆ ಬೇಕು?” ಎಂದು ವಿನಯದಿಂದ ಕೇಳಿ. ಕಾರಣವಿದ್ದರೆ ಹೇಳುತ್ತಾರೆ.

ಪ್ರಶ್ನೆ ಕೇಳಿದರೆ ಡಾಕ್ಟರಿಗೆ ಸಿಟ್ಟು ಬಂದೀತು ಎಂಬ ಅಂಜಿಕೆ ನಮ್ಮ ಹಿರಿಯರಲ್ಲಿ ಆಳವಾಗಿದೆ. ತರಗತಿಯಲ್ಲಿಯೂ ಹಾಗೇ ಇತ್ತು. ಅರ್ಥವಾಗದವರು ತಲೆಯಾಡಿಸುತ್ತಿದ್ದರು, ಅರ್ಥವಾದವರೇ ಪ್ರಶ್ನೆ ಕೇಳುತ್ತಿದ್ದರು. ಕೇಳಬೇಕಾದದ್ದು ದೊಡ್ಡ ವಿಷಯವಲ್ಲ. ಯಾವುದನ್ನು ಹುಡುಕಲು ಈ ಪರೀಕ್ಷೆ? ಸಿಕ್ಕರೆ ಏನು ಮಾಡುತ್ತೀರಿ, ಸಿಗದಿದ್ದರೆ ಏನು ಮಾಡುತ್ತೀರಿ? ಎರಡಕ್ಕೂ ಚಿಕಿತ್ಸೆ ಒಂದೇ ಆದರೆ ಪರೀಕ್ಷೆ ಈಗಲೇ ಬೇಕೇ? ನಾನು ಹೇಗೆ ತಯಾರಾಗಿ ಬರಬೇಕು? ಇಷ್ಟನ್ನು ಕೈಮುಗಿದು ಕೇಳಿದರೆ ಸಿಡಿಮಿಡಿಗೊಳ್ಳುವ ವೈದ್ಯರಿಗಿಂತ, ರೋಗಿ ವಿಚಾರವಂತನಾಗಿದ್ದಾನೆಂದು ಸಂತೋಷಪಡುವ ವೈದ್ಯರನ್ನೇ ನಾನು ಹೆಚ್ಚು ಕಂಡಿದ್ದೇನೆ.

ಇದನ್ನು ಓದುತ್ತಿರುವ ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ನರ್ಸುಗಳಾಗಿದ್ದೀರಿ, ಕೆಲವರು ಲ್ಯಾಬು, ಎಕ್ಸ್‌ರೇ ಕೋಣೆಗಳಲ್ಲಿ ಕೆಲಸ ಮಾಡುತ್ತಿದ್ದೀರಿ, ಇಬ್ಬರು ಮೂವರು ವೈದ್ಯರೂ ಆಗಿದ್ದೀರಿ. ಸರ್ಕಾರದ ಆದೇಶ ಬರುವ ತನಕ ಕಾಯಬೇಡಿ. ನಾಳೆ ನಿಮ್ಮ ಮುಂದೆ ಬರುವ ಮೊದಲ ಅಜ್ಜಿಯ ಕವರಿನ ಹಿಂಬದಿಯಲ್ಲಿ, ಪೆನ್ನಿನಲ್ಲಿ, ಕನ್ನಡದಲ್ಲಿ ಆ ಮೂರು ಸಾಲು ಬರೆದುಕೊಡಿ. ಉಳಿದವರು ನಿಮ್ಮ ತಂದೆ ತಾಯಿಯರ ಕವರನ್ನು ಈ ಭಾನುವಾರ ಒಮ್ಮೆ ಬಿಚ್ಚಿ ನೋಡಿ, ಅದರಲ್ಲಿರುವುದು ಏನೆಂದು ಅವರಿಗೆ ಓದಿ ಹೇಳಿ. ನಿಮಗೂ ತಿಳಿಯದಿದ್ದರೆ ಅದನ್ನು ಹಿಡಿದು ಅವರ ಜೊತೆಯಲ್ಲಿ ಡಾಕ್ಟರ ಬಳಿಗೆ ಹೋಗಿ ಕೇಳಿ.